ತೊರೆಯ ಚಿನ್ನ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಆಸ್ಟ್ರೇಲಿಯಾದ ವಿಕ್ಟೋರಿಯ ರಾಜ್ಯದಲ್ಲಿ ಕ್ಯಾಸಲ್‌ಮೇನ್ ಎಂಬ ಹಳೆಯ ಗಣಿಯೂರಿದೆ. ಅಲ್ಲಿನ ತೊರೆಗಳಲ್ಲಿ ಇವತ್ತಿಗೂ ಪರವಾನಗಿ ಪಡೆದು ಹವ್ಯಾಸಕ್ಕೆ ಚಿನ್ನ ಜಾಲಿಸಬಹುದು ಎಂದು ಕಳೆದ ಸಂಚಿಕೆಯ ಪ್ರವಾಸ ಪುಟದಲ್ಲಿ ಎರಡು ಸಾಲು ಬರೆದಿದ್ದೆವು. ಆ ಎರಡು ಸಾಲಿಗೆ ಬಂದ ಪತ್ರಗಳೇ ಈ ಸಲದ ಅಂಕಣವನ್ನು ತುಂಬಿವೆ.

ಮೆಲ್ಬರ್ನ್‌ನಲ್ಲಿದ್ದೇವೆ. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಕ್ಯಾಸಲ್‌ಮೇನ್ ಕಡೆ ಹೋಗುವ ಆಸೆ. ಯಾರಾದರೂ ಅಧಿಕಾರಿ ಬಂದು ಕೇಳಿದರೆ ಏನು ತೋರಿಸಬೇಕು? ಎಲ್ಲಿ ಬೇಕಾದರೂ ಅಗೆಯಬಹುದೇ?
— ಓದುಗರು, ಮೆಲ್ಬರ್ನ್

ತೋರಿಸಬೇಕಾದದ್ದು 'ಮೈನರ್ಸ್ ರೈಟ್' ಎಂಬ ಪರವಾನಗಿ. ವಿಕ್ಟೋರಿಯ ಸರ್ಕಾರದ ಜಾಲತಾಣದಲ್ಲೇ ಕೊಳ್ಳಬಹುದು. ಶುಲ್ಕ 30 ಡಾಲರಿನ ಆಸುಪಾಸು, ಅವಧಿ 10 ವರ್ಷ. ತೊರೆಗೆ ಹೋದಾಗ ಅದು ಜೊತೆಯಲ್ಲೇ ಇರಬೇಕು. ಸಿಕ್ಕಿದ ಚಿನ್ನ ನಿಮ್ಮದೇ.

ಇಷ್ಟು ಅಗ್ಗಕ್ಕೆ ಈ ಹಕ್ಕು ಸಿಗುವುದಕ್ಕೆ ದೊಡ್ಡ ಹೋರಾಟವೇ ನಡೆದಿದೆ. 1851ರಲ್ಲಿ ಇಲ್ಲಿ ಚಿನ್ನ ಸಿಕ್ಕ ಕೂಡಲೇ ಸರ್ಕಾರ ಅಗೆಯುವ ಪ್ರತಿಯೊಬ್ಬನ ಮೇಲೂ ತಿಂಗಳಿಗೆ 30 ಷಿಲಿಂಗ್ ಲೈಸೆನ್ಸ್ ಹೇರಿತು. ಚಿನ್ನ ಸಿಗಲಿ, ಬಿಡಲಿ, ಕಟ್ಟಲೇಬೇಕು. ಆ ಸಿಟ್ಟು ಬೆಳೆದು 1854ರ ಡಿಸೆಂಬರ್ 3ರಂದು ಬ್ಯಾಲರಾಟ್‌ನ ಯುರೇಕಾದಲ್ಲಿ ಗಣಿಗಾರರಿಗೂ ಸೈನಿಕರಿಗೂ ಕಾದಾಟವಾಗಿ ಹಲವರು ಸತ್ತರು. ಮರುವರ್ಷ ಲೈಸೆನ್ಸ್ ಹೋಗಿ, ವರ್ಷಕ್ಕೆ 1 ಪೌಂಡಿನ ಮೈನರ್ಸ್ ರೈಟ್ ಬಂತು. ಅದರ ಜೊತೆಗೆ ಮತದಾನದ ಹಕ್ಕೂ ಬಂತು. ಮಕ್ಕಳನ್ನು ಕರೆದೊಯ್ಯುವವರು ಈ ಕಥೆಯನ್ನು ಅವರಿಗೆ ದಾರಿಯಲ್ಲೇ ಹೇಳಿ.

ಎಲ್ಲಿ ಬೇಕಾದರೂ ಅಗೆಯುವಂತಿಲ್ಲ. ಸರ್ಕಾರಿ ಜಮೀನಿನಲ್ಲಿ ಹೆಚ್ಚಿನ ಕಡೆ ಸರಿ. ಖಾಸಗಿ ಜಮೀನಾದರೆ ಮಾಲೀಕರ ಒಪ್ಪಿಗೆ ಬೇಕು. ರಾಷ್ಟ್ರೀಯ ಉದ್ಯಾನಗಳಲ್ಲಿ ಗೊತ್ತುಮಾಡಿದ ಕೆಲವು ಭಾಗ ಬಿಟ್ಟರೆ ನಿಷೇಧ. ಕ್ಯಾಸಲ್‌ಮೇನ್ ಡಿಗ್ಗಿಂಗ್ಸ್ ನ್ಯಾಷನಲ್ ಹೆರಿಟೇಜ್ ಪಾರ್ಕಿನಲ್ಲೂ ಗುರುತಿಸಿದ ಜಾಗಗಳಲ್ಲಿ ಮಾತ್ರ ಅವಕಾಶ. ಹೊರಡುವ ಮುನ್ನ ಸರ್ಕಾರದ 'ಜಿಯೋವಿಕ್' ನಕ್ಷೆಯಲ್ಲಿ ನೀವು ಹೋಗುವ ತೊರೆಯನ್ನು ಹುಡುಕಿ ನೋಡಿಕೊಳ್ಳಿ. ಅಗೆಯಲು ಕೈ ಉಪಕರಣ ಮಾತ್ರ, ಯಂತ್ರ ಕೂಡದು. ಮರ, ಪೊದೆ ಕೀಳುವಂತಿಲ್ಲ. ಮೂಲನಿವಾಸಿಗಳ ಪರಂಪರೆಯ ತಾಣಗಳನ್ನೂ ವಸ್ತುಗಳನ್ನೂ ಮುಟ್ಟುವಂತಿಲ್ಲ. ತೋಡಿದ ಗುಂಡಿಯನ್ನು ಹೊರಡುವ ಮುನ್ನ ಮುಚ್ಚಲೇಬೇಕು. ತೊರೆಯ ದಂಡೆಯನ್ನು ಕೊರೆಯಬೇಡಿ: ದಂಡೆ ಕುಸಿದರೆ ಮರದ ಬೇರು ಬಯಲಾಗಿ, ಮುಂದಿನ ಮಳೆಗೆ ಮರವೇ ತೊರೆಗೆ ಬೀಳುತ್ತದೆ.

ಇನ್ನೊಂದು ಮಾತು, ಮಕ್ಕಳಿರುವುದರಿಂದ ಒತ್ತಿ ಹೇಳುತ್ತೇವೆ. ಈ ಕಾಡಿನ ತುಂಬ 19ನೇ ಶತಮಾನದ ಗಣಿ ಬಾವಿಗಳಿವೆ. ಕಟ್ಟೆಯಿಲ್ಲ, ಬೇಲಿಯಿಲ್ಲ, ಬಾಯಿಯ ಮೇಲೆ ಒಣ ಎಲೆ ಮುಚ್ಚಿರುತ್ತದೆ. ತೊರೆಯ ಪಾತ್ರ ಬಿಟ್ಟು ಪೊದೆಯೊಳಗೆ ಓಡಾಡಲು ಮಕ್ಕಳನ್ನು ಬಿಡಬೇಡಿ.

ಏನೇನು ಸಾಮಾನು ಕೊಳ್ಳಬೇಕು? ಅಂಗಡಿಯಲ್ಲಿ ದೊಡ್ಡ ಕಿಟ್ ತೋರಿಸುತ್ತಾರೆ.
— ಓದುಗರು, ಜೀಲಾಂಗ್

ದೊಡ್ಡ ಕಿಟ್ ಬೇಡ. 35 ಸೆಂಟಿಮೀಟರ್ ಅಗಲದ, ಒಂದು ಬದಿಗೆ ಮೆಟ್ಟಿಲಿನಂಥ ಗೀರುಗಳಿರುವ ಪ್ಲಾಸ್ಟಿಕ್ ಪ್ಯಾನ್ (ಜಾಲಿಸುವ ತಟ್ಟೆ) ಸಾಕು. ಹಸಿರು ಬಣ್ಣದ್ದಾದರೆ ಕಪ್ಪು ಮರಳೂ ಹಳದಿ ಚಿನ್ನವೂ ಎರಡೂ ಎದ್ದು ಕಾಣುತ್ತವೆ. ಅದರ ಬಾಯಿಗೆ ಕೂರುವ 12 ಮಿಲಿಮೀಟರ್ ಕಣ್ಣಿನ ಜರಡಿ, ಗಿಡ್ಡ ಹಿಡಿಯ ಸಲಿಕೆ, ಬಂಡೆಯ ಬಿರುಕು ಕೆರೆಯಲು ಚಪ್ಪಟೆ ಸ್ಕ್ರೂಡ್ರೈವರ್, ಹಳೆಯ ಚಮಚ, ಒಂದು ಬಕೆಟ್. ಕಣ ಎತ್ತಲು ಹೀರುವ ಬಾಟಲಿ, ಮುಚ್ಚಳ ಭದ್ರವಾಗಿರುವ ಪುಟ್ಟ ಸೀಸೆ. 10 ಪಟ್ಟು ಹಿಗ್ಗಿಸುವ ಕೈಮಸೂರ ಇದ್ದರೆ ಒಳ್ಳೆಯದು. ಮೊಣಕಾಲುದ್ದದ ಗಮ್‌ಬೂಟ್ ಮಾತ್ರ ಬಿಡಬೇಡಿ, ಬೇಸಿಗೆಯಲ್ಲಿ ನೀರಿನ ಅಂಚಿನಲ್ಲಿ ಟೈಗರ್ ಸ್ನೇಕ್ ಇರುತ್ತದೆ.

ಹೊಸ ಪ್ಯಾನನ್ನು ನೇರವಾಗಿ ತೊರೆಗೆ ತೆಗೆದುಕೊಂಡು ಹೋಗಬೇಡಿ. ಅಚ್ಚಿನಿಂದ ಬಿಡಿಸುವಾಗ ಹಚ್ಚಿದ ಜಿಡ್ಡು ಅದರ ಮೇಲಿರುತ್ತದೆ, ನೀರು ಹನಿಹನಿಯಾಗಿ ಜಾರುತ್ತದೆ, ಸಣ್ಣ ಚಿನ್ನ ಆ ಹನಿಯ ಮೇಲೆ ತೇಲಿ ಹೋಗುತ್ತದೆ. ಪಾತ್ರೆ ತೊಳೆಯುವ ಸೋಪು ಮತ್ತು ಸಣ್ಣ ಮರಳು ಹಾಕಿ ಒಳಮೈಯನ್ನೆಲ್ಲ ಉಜ್ಜಿ. ನೀರು ಹಾಳೆಯಂತೆ ಒಂದೇ ಸಮ ಹರಡಿ ನಿಂತರೆ ಪ್ಯಾನ್ ಸಿದ್ಧವಾಯಿತು. ಉಕ್ಕಿನ ಪ್ಯಾನಾದರೆ ಬೆಂಕಿಯ ಮೇಲೆ ನೀಲಿ ಛಾಯೆ ಬರುವವರೆಗೆ ಕಾಯಿಸಿ ಎಣ್ಣೆ ಸುಡಬೇಕು.

ಇಡೀ ದಿನ ತೊರೆಯ ಮಧ್ಯದ ಮರಳು ತೆಗೆದು ಜಾಲಿಸಿದೆವು, ಒಂದು ಕಣವೂ ಇಲ್ಲ. 1850ರ ದಶಕದವರು ಎಲ್ಲವನ್ನೂ ಬಾಚಿಕೊಂಡು ಹೋದರೇ?
— ಓದುಗರು, ಬೆಂಡಿಗೊ

ಬಹುಪಾಲು ಹೌದು, ಪೂರ್ತಿ ಅಲ್ಲ. ನೀವು ತೆಗೆದದ್ದು ಬಹುಶಃ ಮೂಲ ತೊರೆಯ ಮರಳೇ ಅಲ್ಲ. ಆ ಕಾಲದಲ್ಲಿ ದುಂಡು ತೊಟ್ಟಿಗಳಲ್ಲಿ ಕುದುರೆ ಕಟ್ಟಿ ಜೇಡಿಮಣ್ಣನ್ನು ಕದಡಿಸಿ, ಕೆಸರನ್ನು ಹಾಗೇ ತೊರೆಗೆ ಬಿಡುತ್ತಿದ್ದರು. ಆ ಕೆಸರು ಮತ್ತು ತೊಳೆದು ಬಿಸಾಕಿದ ಜಲ್ಲಿ ಹಲವು ಕಡೆ ಹಳೆಯ ಪಾತ್ರವನ್ನು ಆಳಕ್ಕೆ ಹೂತುಬಿಟ್ಟಿವೆ. ಮೇಲಿನ ಸಡಿಲ ಮರಳು ಪ್ರತಿ ಮಳೆಗೂ ಜಾಗ ಬದಲಿಸುತ್ತದೆ, ಅದರಲ್ಲಿ ಚಿನ್ನ ನಿಲ್ಲುವುದಿಲ್ಲ. ಭಾರದ ವಸ್ತು ಕುಲುಕಿದಷ್ಟೂ ಕೆಳಗಿಳಿಯುತ್ತದೆ, ಇನ್ನು ಇಳಿಯಲಾಗದ ಕಡೆ ನಿಲ್ಲುತ್ತದೆ. ಅದು ತಳಬಂಡೆ ಅಥವಾ ಗಟ್ಟಿ ಜೇಡಿಯ ಪದರ. ಅದಕ್ಕೇ ಬಂಡೆ ಬಯಲಾಗಿರುವ ಕಡೆ, ಅಥವಾ ಒಂದೆರಡು ಅಡಿಯಲ್ಲೇ ಸಲಿಕೆಗೆ ತಾಗುವ ಕಡೆ ಕೂರಿ.

ಈ ಭಾಗದ ತಳಬಂಡೆ ಸ್ಲೇಟು ಮತ್ತು ಮರಳುಗಲ್ಲು. ಪದರಗಳು ಮಲಗಿಲ್ಲ, ಹೆಚ್ಚುಕಡಿಮೆ ನೆಟ್ಟಗೆ ನಿಂತಿವೆ. ಆ ಪದರಗಳು ನೀರಿಗೆ ಅಡ್ಡಲಾಗಿ ಹಾದುಹೋಗುವ ಜಾಗ ಸಿಕ್ಕಿದರೆ ಬಿಡಬೇಡಿ. ಒಂದೊಂದು ಪದರದ ಏಣೂ ಒಂದು ಅಡ್ಡಕಟ್ಟೆ, ಅದರ ಹಿಂದಿನ ಬಿರುಕು ಚಿನ್ನದ ಸೆರೆ. ಮೇಲಿನ ಮರಳನ್ನು ಸರಿಸಿ, ಬಿರುಕಿನ ಬಾಯಿಯಲ್ಲಿ ಬಿಗಿಯಾಗಿ ಕೂತ ಕಲ್ಲುಚೂರುಗಳನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿ, ತಳದಲ್ಲಿರುವ ಬೂದು ಅಥವಾ ಕಂದು ಜೇಡಿಯನ್ನು ಚಮಚದಿಂದ ತೋಡಿ ಬಕೆಟ್ಟಿಗೆ ಹಾಕಿ. ಬಿರುಕು ಕೆಳಗೆ ಹೋದಂತೆ ಕಿರಿದಾಗುತ್ತಿದ್ದರೆ ಕೊನೆಯ ಅರ್ಧ ಚಮಚವೇ ಮುಖ್ಯ. ಹೆಚ್ಚಿನವರು ಬಿಟ್ಟು ಹೋಗುವುದೂ ಅದನ್ನೇ.

ಬಂಡೆ ಕಾಣದ ತೊರೆಯಲ್ಲಿ ತಿರುವಿನ ಒಳಬದಿ ನೋಡಿ, ಅಲ್ಲಿ ನೀರಿನ ವೇಗ ತಗ್ಗುತ್ತದೆ. ದೊಡ್ಡ ಗುಂಡುಕಲ್ಲಿದ್ದರೆ ಅದರ ಕೆಳಹರಿವಿನ ಬದಿ. ಇಳಿಜಾರು ಥಟ್ಟನೆ ಮಟ್ಟಸವಾಗುವ ಜಾಗವೂ ಒಳ್ಳೆಯದು. ಗುಂಡಿಯಲ್ಲಿ ಹಳೆಯ ಸೀಸದ ಗುಂಡು, ತುಕ್ಕು ಹಿಡಿದ ಮೊಳೆ, ಕಪ್ಪು ಮರಳು ಸಿಗತೊಡಗಿದರೆ ಅಲ್ಲೇ ಮುಂದುವರಿಸಿ: ಭಾರದ ವಸ್ತುಗಳನ್ನು ನೀರು ಅಲ್ಲಿ ಇಳಿಸುತ್ತಿದೆ ಎಂದರ್ಥ. ಒಂದೇ ಗುಂಡಿಗೆ ಅಂಟಿಕೊಳ್ಳುವ ಮೊದಲು ಐದಾರು ಜಾಗಗಳಿಂದ ಒಂದೊಂದು ಪ್ಯಾನ್ ಪರೀಕ್ಷಿಸಿ.

ಮಗಳ ಮನೆಗೆ ಹೋದಾಗ ತೊರೆಯಲ್ಲಿ ಜಾಲಿಸಿದೆ. ಚಿನ್ನ ಕಂಡ ಹಾಗಾಯಿತು, ಕೊನೆಯಲ್ಲಿ ಮಾಯವಾಯಿತು. ಕ್ರಮವನ್ನು ಬಿಡಿಸಿ ಹೇಳುತ್ತೀರಾ?
— ಓದುಗರು, ಬಸವನಗುಡಿ, ಬೆಂಗಳೂರು

ಕಲ್ಲಿರುವ ಅಕ್ಕಿಯನ್ನು ಜಾಲಿಸಿದ ಕೈಗೆ ಇದು ಅರ್ಧ ಗೊತ್ತಿರುವ ಕೆಲಸವೇ. ಅಲ್ಲಿ ಅಕ್ಕಿ ಮೇಲೆ ಬಂದು ಕಲ್ಲು ತಳದಲ್ಲಿ ಉಳಿಯುತ್ತದೆ, ಇಲ್ಲಿ ಬೇಕಾದದ್ದು ತಳದಲ್ಲಿ ಉಳಿಯುವುದು. ನೀರಿನ ಸಾಂದ್ರತೆ 1 ಎಂದಿಟ್ಟರೆ ಚಿನ್ನದ್ದು 19.3, ಮರಳಿನ ಬೆಣಚುಕಲ್ಲಿನದು 2.65. ಗಾಳಿಯಲ್ಲಿ ಏಳು ಪಟ್ಟು ವ್ಯತ್ಯಾಸ. ನೀರಿನೊಳಗೆ ಎರಡರಿಂದಲೂ ಒಂದೊಂದು ಕಳೆದುಕೊಳ್ಳಿ: 18.3ಕ್ಕೆ 1.65, ಹನ್ನೊಂದು ಪಟ್ಟು. ಅಂದರೆ ಕುಲುಕುವ ಕೆಲಸ ನೀರಿನೊಳಗೇ ನಡೆಯಬೇಕು. ಪ್ಯಾನನ್ನು ಮೇಲೆತ್ತಿ ಒಣ ಮಣ್ಣಿನಂತೆ ಅಲ್ಲಾಡಿಸಿದರೆ ಚಿನ್ನ ಕೆಳಗಿಳಿಯುವುದಿಲ್ಲ.

ಮೊದಲು ಜರಡಿಯನ್ನು ಪ್ಯಾನಿನ ಮೇಲಿಟ್ಟು, ನೀರಿನಲ್ಲಿ ಮುಳುಗಿಸಿ, ಮಣ್ಣು ಹಾಕಿ ಆಡಿಸಿ. ಜರಡಿಯಲ್ಲಿ ಉಳಿದ ಕಲ್ಲುಗಳನ್ನು ಒಮ್ಮೆ ಕಣ್ಣಾಡಿಸಿಯೇ ಬಿಸಾಕಿ. ಚಿನ್ನದ ಗಟ್ಟಿ ಬಂದರೆ ಅಲ್ಲೇ ಬರುತ್ತದೆ. ಪ್ಯಾನ್ ಮುಕ್ಕಾಲು ತುಂಬಿದ್ದರೆ ಸಾಕು.

ಆಮೇಲೆ ಜೇಡಿ. ಇದು ಎಲ್ಲಕ್ಕಿಂತ ಹೆಚ್ಚು ಚಿನ್ನ ಕಳೆಯುವ ಹಂತ. ಪ್ಯಾನನ್ನು ನೀರಿನೊಳಗೆ ಮಟ್ಟಸವಾಗಿಟ್ಟು ಎರಡೂ ಕೈಯಿಂದ ಹಿಸುಕಿ ಹಿಸುಕಿ ಒಂದು ಉಂಡೆಯೂ ಉಳಿಯದಂತೆ ಕರಗಿಸಿ. ಅಂಟು ಉಂಡೆ ಹೊರಗೆ ಉರುಳುವಾಗ ತಾನು ಹೊತ್ತ ಚಿನ್ನವನ್ನೂ ಹೊತ್ತೇ ಹೋಗುತ್ತದೆ. ನೀರು ಹೆಚ್ಚುಕಡಿಮೆ ತಿಳಿಯಾಗುವ ತನಕ ಕೆಸರನ್ನು ಮೆಲ್ಲಗೆ ಬಸಿದು ಹೊಸ ನೀರು ತುಂಬಿ.

ಈಗ ಕುಲುಕು. ಪ್ಯಾನ್ ನೀರಿನ ಅಡಿಯಲ್ಲಿ, ಮಟ್ಟಸವಾಗಿ, ಎಡಕ್ಕೂ ಬಲಕ್ಕೂ ಜೋರಾಗಿ, ಅರ್ಧ ನಿಮಿಷ. ಒಳಗಿನದೆಲ್ಲ ಗಂಜಿಯಷ್ಟು ಸಡಿಲವಾಗಿ ಓಲಾಡಬೇಕು. ಗೀರಿನ ಬದಿಯನ್ನು ನಿಮ್ಮಿಂದ ಆಚೆಗೆ ಹಿಡಿದು ಸ್ವಲ್ಪ ಬಾಗಿಸಿ, ಕುಲುಕುತ್ತಲೇ ಇರಿ. ಭಾರದ್ದೆಲ್ಲ ಗೀರುಗಳ ಬುಡಕ್ಕೆ ಬಂದು ಸೇರುತ್ತದೆ. ಪ್ಯಾನಿನ ತುಟಿಯನ್ನು ನೀರಿಗೆ ಅದ್ದಿ ಎತ್ತಿ, ಅದ್ದಿ ಎತ್ತಿ. ಹಿಂದಿರುಗುವ ನೀರು ಮೇಲಿನ ತೆಳು ಪದರವನ್ನು ಕೊಂಡೊಯ್ಯುತ್ತದೆ. ನಾಲ್ಕೈದು ಸಲ ಅದ್ದಿದ ಮೇಲೆ ಮತ್ತೆ ಮಟ್ಟಸ ಮಾಡಿ ಮತ್ತೆ ಕುಲುಕಿ. ಈ ಮರುಕುಲುಕನ್ನು ಬಿಟ್ಟವರ ಚಿನ್ನ ತೊರೆಗೆ ಹೋಗುತ್ತದೆ: ಅದ್ದುವಾಗ ಪದರಗಳು ಕಲಕಿರುತ್ತವೆ, ಕೆಳಗಿದ್ದದ್ದು ಮೇಲಕ್ಕೆ ಬಂದಿರುತ್ತದೆ.

ಎರಡು ಚಮಚದಷ್ಟು ಕಪ್ಪು ಮರಳು ಉಳಿದಾಗ ವೇಗ ನಿಲ್ಲಿಸಿ. ನಿಮ್ಮ ಚಿನ್ನ ಮಾಯವಾದದ್ದು ಇಲ್ಲೇ. ಕಪ್ಪು ಮರಳಿನಲ್ಲಿ ಹೆಚ್ಚಾಗಿ ಕಬ್ಬಿಣದ ಅದಿರಾದ ಮ್ಯಾಗ್ನೆಟೈಟ್ ಇರುತ್ತದೆ, ಸಾಂದ್ರತೆ 5.2. ಬೆಣಚು ಹೋದಷ್ಟು ಸುಲಭವಾಗಿ ಅದು ಹೋಗದು, ನಾವು ಅವಸರಪಟ್ಟು ಜೋರಾಗಿ ಬಾಗಿಸುತ್ತೇವೆ, ಚಿನ್ನವೂ ಜೊತೆಗೆ ಹೊರಡುತ್ತದೆ. ತೊರೆಯ ಬದಿ ಇದನ್ನು ಮುಗಿಸಬೇಡಿ. ಬಾಟಲಿಗೆ ಹಾಕಿ ಮನೆಗೆ ತನ್ನಿ. ಚೆನ್ನಾದ ಬೆಳಕಿನಲ್ಲಿ, ಒಂದು ಟಬ್ಬಿನ ಮೇಲೆ, 2 ಮಿಲಿಮೀಟರ್ ಜರಡಿ ಹಿಡಿದು, ಒಂದೊಂದೇ ಚಮಚ ಜಾಲಿಸಿ. ಟಬ್ಬಿನ ನೀರಿಗೆ ಒಂದು ಹನಿ ಪಾತ್ರೆ ಸೋಪು ಬಿಟ್ಟರೆ ಸಣ್ಣ ಕಣ ತೇಲುವುದು ನಿಲ್ಲುತ್ತದೆ. ತೊರೆಗೆ ಸೋಪು ಹಾಕಬೇಡಿ. ಕೈಗೆ ಹಚ್ಚಿದ ಸನ್‌ಸ್ಕ್ರೀನು, ತಲೆಯೆಣ್ಣೆಯ ಜಿಡ್ಡೂ ಅದೇ ತೇಲಾಟ ಮಾಡಿಸುತ್ತದೆ, ಪ್ಯಾನ್ ಹಿಡಿಯುವ ಮೊದಲು ಕೈಯನ್ನು ಜೇಡಿಯಿಂದ ಉಜ್ಜಿ ತೊಳೆಯಿರಿ.

ಕೊನೆಗೆ ಪ್ಯಾನಿನ ನಯವಾದ ಬದಿಗೆ ಅರ್ಧ ಲೋಟ ನೀರು ಬಿಟ್ಟು, ಮೆಲ್ಲಗೆ ಸುತ್ತ ಹರಿಸಿ. ಮರಳು ಬೀಸಣಿಗೆಯಂತೆ ಹರಡಿ ಮುಂದೆ ಸಾಗುತ್ತದೆ, ಹಿಂದಿನ ಬಾಲದಲ್ಲಿ ಚಿನ್ನ ಒಂದು ಹಳದಿ ಗೆರೆಯಾಗಿ ಉಳಿಯುತ್ತದೆ. ಹೀರುವ ಬಾಟಲಿಯಿಂದ ಎತ್ತಿ. ಅಯಸ್ಕಾಂತವನ್ನು ಒಣ ಮರಳಿಗೆ ಮಾತ್ರ ಬಳಸಿ, ಅದೂ ಪ್ಲಾಸ್ಟಿಕ್ ಸುತ್ತಿ. ಒದ್ದೆಯಲ್ಲಿ ಮ್ಯಾಗ್ನೆಟೈಟಿನ ಗೊಂಚಲು ನಡುವೆ ಚಿನ್ನವನ್ನೂ ಹಿಡಿದೆತ್ತುತ್ತದೆ.

ಕೈ ಪಳಗಿದೆಯೇ ಎಂದು ತಿಳಿಯಲು ಮೀನುಗಾಳದ ಚಿಕ್ಕ ಸೀಸದ ಗುಂಡು 10 ತೆಗೆದು, ಸುತ್ತಿಗೆಯಿಂದ ಚಪ್ಪಟೆ ಮಾಡಿ, ಒಂದು ಪ್ಯಾನ್ ಮರಳಿನಲ್ಲಿ ಬೆರೆಸಿ ಟಬ್ಬಿನ ಮೇಲೆ ಜಾಲಿಸಿ. ಸೀಸದ ಸಾಂದ್ರತೆ 11.3. ಹತ್ತಕ್ಕೆ ಹತ್ತೂ ಉಳಿದರೆ ಅಷ್ಟು ದೊಡ್ಡ ಚಿನ್ನ ನಿಮ್ಮ ಕೈತಪ್ಪುವುದಿಲ್ಲ. ಆರೋ ಏಳೋ ಉಳಿದರೆ ಟಬ್ಬಿಗೆ ಬಿದ್ದದ್ದನ್ನು ಮತ್ತೆ ಜಾಲಿಸಿ, ಯಾವ ಹಂತದಲ್ಲಿ ಹೋಯಿತೆಂದು ಕಂಡುಕೊಳ್ಳಿ. ಸೀಸ ಮುಟ್ಟಿದ ಕೈ ತೊಳೆದುಕೊಳ್ಳುವುದನ್ನು ಮರೆಯಬೇಡಿ, ಈ ಅಭ್ಯಾಸವನ್ನು ಮಕ್ಕಳ ಕೈಗೆ ಕೊಡಬೇಡಿ.

ಹೊಳೆಯುವ ಚೂರು ಬಹಳ ಸಿಕ್ಕಿವೆ. ಚಿನ್ನವೇ ಎಂದು ಮನೆಯಲ್ಲೇ ತಿಳಿಯುವುದು ಹೇಗೆ?
— ಓದುಗರು, ಸಿಡ್ನಿ

ಬಹಳ ಸಿಕ್ಕಿದ್ದರೆ ಕಾಗೆಬಂಗಾರವೇ ಇರಬೇಕು. ನಿಮ್ಮ ನೆರಳಿನಲ್ಲಿ ಪ್ಯಾನ್ ಹಿಡಿಯಿರಿ. ಕಾಗೆಬಂಗಾರವೂ (ಅಭ್ರಕ) ಪೈರೈಟೂ (ಚಿನ್ನದಂತೆ ಕಾಣುವ ಕಬ್ಬಿಣದ ಖನಿಜ) ಬಿಸಿಲಿನಲ್ಲಿ ಮಿಣುಕಿ, ನೆರಳಿನಲ್ಲಿ ಮಂಕಾಗುತ್ತವೆ. ಚಿನ್ನದ ಬಣ್ಣ ಎರಡರಲ್ಲೂ ಒಂದೇ. ಸೂಜಿಮೊನೆಯಿಂದ ಒತ್ತಿ: ಚಿನ್ನ ಗುಳಿ ಬೀಳುತ್ತದೆ, ಪೈರೈಟ್ ಪುಡಿಯಾಗುತ್ತದೆ, ಕಾಗೆಬಂಗಾರ ಹಾಳೆಹಾಳೆಯಾಗಿ ಬಿಡುತ್ತದೆ. ಮೆರುಗಿಲ್ಲದ ಬಿಳಿ ಟೈಲಿನ ಹಿಂಬದಿಗೆ ತಿಕ್ಕಿದರೆ ಪೈರೈಟಿನ ಗೆರೆ ಹಸಿರುಗಪ್ಪು, ಚಿನ್ನದ ಗೆರೆ ಹಳದಿ.

ಒಂದು ದಿನಕ್ಕೆ ಎಷ್ಟು ಸಿಗಬಹುದು? ಪ್ರಯಾಣದ ಖರ್ಚಾದರೂ ಹುಟ್ಟುತ್ತದೆಯೇ?
— ಓದುಗರು, ಮೈಸೂರು

ಹುಟ್ಟುವುದಿಲ್ಲ. 1 ಮಿಲಿಮೀಟರ್ ಅಗಲ, ಅದರ ಹತ್ತನೇ ಒಂದರಷ್ಟು ದಪ್ಪದ ಚಿನ್ನದ ರೇಕು ಸುಮಾರು 1.4 ಮಿಲಿಗ್ರಾಂ ತೂಗುತ್ತದೆ. ಅಂಥವು 700 ಸೇರಿದರೆ 1 ಗ್ರಾಂ. ಪ್ಯಾನಿನಲ್ಲಿ ಹೆಚ್ಚು ಕಾಣುವುದು ಇದಕ್ಕಿಂತ ಸಣ್ಣವು. 1869ರ ಫೆಬ್ರವರಿಯಲ್ಲಿ ಮೊಲಿಯಾಗುಲ್‌ನಲ್ಲಿ ಜಾನ್ ಡೀಸನ್, ರಿಚರ್ಡ್ ಓಟ್ಸ್ ಎಂಬಿಬ್ಬರಿಗೆ 'ವೆಲ್‌ಕಮ್ ಸ್ಟ್ರೇಂಜರ್' ಎಂಬ ಚಿನ್ನದ ಗಟ್ಟಿ, ನೆಲದಿಂದ ಕೆಲವೇ ಸೆಂಟಿಮೀಟರ್ ಕೆಳಗೆ ಸಿಕ್ಕಿತು, ಅದರಲ್ಲಿದ್ದ ಶುದ್ಧ ಚಿನ್ನವೇ 70 ಕಿಲೋ ದಾಟಿತ್ತು. ಅದೇ ರಾಜ್ಯವೇನೋ ಹೌದು, ಆದರೆ ಆ ಲೆಕ್ಕ ಹಾಕಿಕೊಂಡು ಹೋಗಬೇಡಿ. ದಿನದ ಕೊನೆಗೆ ಸೀಸೆಯಲ್ಲಿ ಎಣಿಸಿ ಹೇಳಬಹುದಾದಷ್ಟು ಕಣಗಳಿದ್ದರೆ ಚೆನ್ನಾಗಿಯೇ ಜಾಲಿಸಿದ್ದೀರಿ.

ಸಿಕ್ಕ ಕಣಗಳಲ್ಲಿ ಒಂದೆರಡು ಬೆಳ್ಳಿಯ ಹಾಗೆ ಬಿಳಿಯಾಗಿವೆ, ಮೆತ್ತಗಿವೆ. ಸ್ಟೌ ಮೇಲೆ ಕಾಯಿಸಿದರೆ ಹಳದಿಯಾಗುತ್ತದೆ ಎಂದು ಸ್ನೇಹಿತರು ಹೇಳಿದರು.
— ಓದುಗರು, ಮೆಲ್ಬರ್ನ್

ದಯವಿಟ್ಟು ಕಾಯಿಸಬೇಡಿ. ಅದು ಪಾದರಸ ಹಿಡಿದ ಚಿನ್ನ. ಹಳೆಯ ಗಣಿಗಾರರು ಸಣ್ಣ ಚಿನ್ನ ಹಿಡಿಯಲು ಪಾದರಸ ಸುರಿಯುತ್ತಿದ್ದರು, ಚೆಲ್ಲಿದ್ದು ಇಂದಿಗೂ ಆ ತೊರೆಗಳ ತಳದಲ್ಲಿದೆ. ಕಾಯಿಸಿದರೆ ಹಳದಿಯಾಗುವುದು ನಿಜ. ಪಾದರಸ ಎಲ್ಲಿಗೆ ಹೋಯಿತು? ಬಣ್ಣವಿಲ್ಲದ, ವಾಸನೆಯಿಲ್ಲದ ಆವಿಯಾಗಿ ಅಡುಗೆಮನೆಯಲ್ಲಿದ್ದವರ ಶ್ವಾಸಕೋಶಕ್ಕೆ. ನರಕ್ಕೂ ಮೂತ್ರಪಿಂಡಕ್ಕೂ ಅದು ವಿಷ. ಆಸಿಡ್ ಹಾಕುವ ಪ್ರಯೋಗವೂ ಮನೆಯಲ್ಲಿ ಬೇಡ. ಆ ಕಣಗಳನ್ನು ನೀರು ತುಂಬಿದ ಬೇರೆ ಸೀಸೆಯಲ್ಲಿ ಬಿಗಿಯಾಗಿ ಮುಚ್ಚಿ, ಹೆಸರು ಬರೆದಿಟ್ಟು, ಅಪಾಯಕಾರಿ ರಾಸಾಯನಿಕ ಪಡೆಯುವ ಕೇಂದ್ರಕ್ಕೆ ಕೊಡಿ. ಹಳೆಯ ಅರೆಯುವ ಗಿರಣಿಗಳ ಪಕ್ಕದ ಬೂದು ಮರಳಿನ ದಿಬ್ಬಗಳಲ್ಲಿ ಆರ್ಸೆನಿಕ್ ಕೂಡ ಇರುತ್ತದೆ. ಅಲ್ಲಿ ಅಗೆಯಬೇಡಿ, ತೊರೆಯ ಬದಿ ಕೈ ತೊಳೆಯದೆ ಊಟ ಮಾಡಬೇಡಿ.

ಜನವರಿಯಲ್ಲಿ ಹೋಗುತ್ತೇವೆ. ನೀರಿರುತ್ತದೆಯೇ?
— ಓದುಗರು, ಹುಬ್ಬಳ್ಳಿ

ಬಹುತೇಕ ತೊರೆಗಳು ಬತ್ತಿರುತ್ತವೆ. ಆಗಸ್ಟಿನಿಂದ ನವೆಂಬರ್ ಒಳ್ಳೆಯ ಕಾಲ. ಜನವರಿಯೇ ಆದರೆ ದೊಡ್ಡ ಟಬ್ ಮತ್ತು ಕ್ಯಾನುಗಳಲ್ಲಿ ನೀರು ಒಯ್ದು ದಡದಲ್ಲೇ ಜಾಲಿಸಿ. ಬಿರುಕು ಕೆರೆಯಲು ಒಣ ತೊರೆಯೇ ಅನುಕೂಲ. ಬೆಂಕಿ ನಿಷೇಧದ ಘೋಷಣೆಯಾದ ದಿನ ಆ ಕಾಡಿನ ಹತ್ತಿರವೂ ಹೋಗಬೇಡಿ.

ನಮ್ಮ ಕಪ್ಪತಗುಡ್ಡದ ಹಳ್ಳಗಳಲ್ಲಿ ಹಿಂದೆ ಜಾಲಗಾರರು ಚಿನ್ನ ತೆಗೆಯುತ್ತಿದ್ದರು. ಇದೇ ಪ್ಯಾನ್ ಹಿಡಿದು ನಾವೂ ಪ್ರಯತ್ನಿಸಬಹುದೇ?
— ಓದುಗರು, ಗದಗ

ನೀವು ಹೇಳಿದ್ದು ಸರಿ. ಸೊರಟೂರು, ಡೋಣಿ ಸುತ್ತಿನ ಹಳ್ಳಗಳಲ್ಲಿ ಮಳೆ ನಿಂತ ಮೇಲೆ ಮರಳು ಜಾಲಿಸಿ ಬದುಕಿದ ಮನೆತನಗಳಿದ್ದವು. ಮರದ ಮರಿಗೆಯಲ್ಲಿ ಅವರು ಮಾಡುತ್ತಿದ್ದದ್ದಕ್ಕೂ ಮೇಲೆ ಬರೆದ ಕ್ರಮಕ್ಕೂ ತತ್ವ ಒಂದೇ. ಆದರೆ ಈಗ ಪ್ರಯತ್ನಿಸಬೇಡಿ. ಕರ್ನಾಟಕದಲ್ಲಿ ಹವ್ಯಾಸಿಗಳಿಗೆ ಮೈನರ್ಸ್ ರೈಟ್‌ನಂಥ ಪರವಾನಗಿ ಇಲ್ಲ. ಮೇಲಾಗಿ ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, ಅಲ್ಲಿ ನೆಲ ಅಗೆಯುವುದು ಅಪರಾಧ. ಗಣಿಗಾರಿಕೆಯಿಂದ ಆ ಗುಡ್ಡವನ್ನು ಉಳಿಸಲು ಜಿಲ್ಲೆಯ ಜನ ವರ್ಷಗಟ್ಟಲೆ ಹೋರಾಡಿದ್ದಾರೆ. ಊರಲ್ಲಿ ಹಳೆಯ ಮರಿಗೆಯೇನಾದರೂ ಉಳಿದಿದ್ದರೆ, ಜಾಲಿಸುವ ಕ್ರಮ ಕಂಡ ಹಿರಿಯರಿದ್ದರೆ, ಅದನ್ನು ಫೋಟೊ ತೆಗೆದು, ಬರೆದಿಡಿ. ನಾವು ಪ್ರಕಟಿಸುತ್ತೇವೆ.

ಕೆಜಿಎಫ್‌ಗೂ ಈ ದಕ್ಷಿಣ ಗೋಳದ ಚಿನ್ನಕ್ಕೂ ಸಂಬಂಧವಿದೆ ಎಂದು ಕೇಳಿದ್ದೆ. ನಿಜವೇ? ಇಲ್ಲಿನ ಸೈನೈಡ್ ದಿಬ್ಬದ ಮಣ್ಣು ಜಾಲಿಸಿದರೆ ಚಿನ್ನ ಬರುತ್ತದೆಯೇ?
— ಓದುಗರು, ರಾಬರ್ಟ್‌ಸನ್‌ಪೇಟೆ

ಸಂಬಂಧ ನ್ಯೂಜಿಲೆಂಡ್ ಜೊತೆಗಿದೆ. ಮೈಕೆಲ್ ಫಿಟ್ಸ್‌ಜೆರಾಲ್ಡ್ ಲವೆಲ್ ಎಂಬ ಐರಿಷ್ ಸೈನಿಕ ಅಲ್ಲಿನ ಯುದ್ಧ ಮುಗಿಸಿ ಬೆಂಗಳೂರಿಗೆ ಬಂದಿದ್ದ, ಚಿನ್ನದ ಹುಚ್ಚನ್ನು ಅಲ್ಲಿಂದಲೇ ತಂದಿದ್ದ. ಕೋಲಾರದ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು 1802ರಲ್ಲಿ ಕಂಡು ಲೆಫ್ಟಿನೆಂಟ್ ಜಾನ್ ವಾರನ್ ಬರೆದ ವರದಿ ಲವೆಲ್ಲನ ಕಣ್ಣಿಗೆ ಬಿತ್ತು. 1873ರಲ್ಲಿ ಅವನು ಮೈಸೂರು ಸರ್ಕಾರಕ್ಕೆ ಅನುಮತಿ ಕೇಳಿ ಅರ್ಜಿ ಹಾಕಿದ, ಆಮೇಲೆ ಅನುಮತಿ ಸಿಕ್ಕಿತು. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಬಂದ ಮೇಲಿನದು ನಿಮ್ಮೂರಿನ ಚರಿತ್ರೆ, ಅದು 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚುವವರೆಗೂ ನಿಮಗೇ ಚೆನ್ನಾಗಿ ಗೊತ್ತು.

ದಿಬ್ಬದ ಮಣ್ಣು ಜಾಲಿಸಿದರೆ ಏನೂ ಸಿಗದು. ಕೆಜಿಎಫ್‌ನ ಚಿನ್ನ ಗಟ್ಟಿ ಬಂಡೆಯೊಳಗಿನ ಬೆಣಚಿನ ಪಟ್ಟಿಯಲ್ಲಿತ್ತು. ಆ ಕಲ್ಲನ್ನು ಹಿಟ್ಟಾಗಿ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದದ್ದು ಆ ದಿಬ್ಬ. ಅದರಲ್ಲಿ ಉಳಿದಿರುವ ಚಿನ್ನ ಕಣ್ಣಿಗೆ ಕಾಣದಷ್ಟು ಸೂಕ್ಷ್ಮ, ಪ್ಯಾನಿನಲ್ಲಿ ನಿಲ್ಲುವುದಿಲ್ಲ. ಗಾಳಿಗೆ ಏಳುವ ಆ ಧೂಳು ಉಸಿರಿಗೆ ಕೆಟ್ಟದ್ದು. ಮಕ್ಕಳನ್ನು ಅಲ್ಲಿ ಆಡಲು ಬಿಡಬೇಡಿ.

ಇಲ್ಲಿ ಬಳಸಿದ ಗಮ್‌ಬೂಟು, ಸಲಿಕೆಯನ್ನೇ ಬ್ಯಾಗಿನಲ್ಲಿ ಹಾಕಿಕೊಂಡು ಆಸ್ಟ್ರೇಲಿಯಾಕ್ಕೆ ಹೋಗಬಹುದೇ?
— ಓದುಗರು, ಶಿವಮೊಗ್ಗ

ಹೋಗಬಹುದು, ಆದರೆ ಒಂದು ಚೂರು ಮಣ್ಣೂ ಇರಕೂಡದು. ಬೂಟಿನ ಅಡಿಯ ಗೆರೆಗಳನ್ನು ಬ್ರಷ್ಷಿನಿಂದ ಉಜ್ಜಿ, ತೊಳೆದು, ಪೂರ್ತಿ ಒಣಗಿಸಿ. ವಿಮಾನದಲ್ಲಿ ಕೊಡುವ ಕಾರ್ಡಿನಲ್ಲಿ ಮಣ್ಣಿನಲ್ಲಿ ಬಳಸಿದ ಸಾಮಾನಿದೆ ಎಂದು ಬರೆಯಲೇಬೇಕು. ಬರೆದವರ ಸಾಮಾನು ನೋಡಿ ಬಿಡುತ್ತಾರೆ, ಬರೆಯದೆ ಸಿಕ್ಕಿಬಿದ್ದರೆ ದಂಡ ದೊಡ್ಡದು. ಸಲಿಕೆಯನ್ನು ಅಲ್ಲೇ ಕೊಂಡರೆ ಬ್ಯಾಗಿನ ತೂಕವೂ ಉಳಿಯುತ್ತದೆ.